ಹಗುರ ಚಾಕು ಆರಿಸಿದವರು

ಅಂಗಡಿಯವನು ಗಾಜಿನ ಪೆಟ್ಟಿಗೆಯ ಮೇಲಿಟ್ಟ ಚಾಕುವನ್ನು ಅವರು ಎತ್ತಿಕೊಂಡು, ಅಂಗೈ ಮೇಲೆ ಅಡ್ಡಲಾಗಿ ಮಲಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮೊದಲು ತೂಕ. ಅಲಗು ಮುಟ್ಟಿ ನೋಡುವುದು, ಬೆಲೆ ಕೇಳುವುದು ಎಲ್ಲ ಆಮೇಲೆ. ಕೊಪ್ಪಳದ ಪಾತ್ರೆ ಅಂಗಡಿಯವನೊಬ್ಬ ಇದನ್ನು ನೋಡಿ ನೋಡಿ ಬೇಸತ್ತು, ನಿದ್ದೆ ಬಂತೇನ್ರಿ ಸಾಹೇಬ್ರ ಎಂದು ಕೇಳಿದ್ದ. ಅವರು ಕಣ್ಣು ತೆರೆಯದೆ, "ವಜನ ಕೇಳಾಕತ್ತೀನಿ, ಸುಮ್ಮನಿರು" ಅಂದಿದ್ದರು.

ಅವರು ತೀರಿಕೊಂಡು ಒಂದು ಮಳೆಗಾಲ ಕಳೆದಿದೆ. ಅವರ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಅಂಗೈ. ಅದರ ಹಿಂದೆಯೇ ನನ್ನ ಅಂಗೈ ನೆನಪಾಗುತ್ತದೆ, ಬಂಡೆಯ ಮೇಲಿಂದ ಕೆಳಕ್ಕೆ ಚಾಚಿದ್ದು. ಅಲ್ಲಿಗೆ ಬರವಣಿಗೆ ನಿಲ್ಲುತ್ತದೆ. ಇವತ್ತು ನಿಲ್ಲಿಸದೆ ಬರೆಯಲು ನೋಡುತ್ತೇನೆ.

ಮುನಿರಾಬಾದಿನ ಕಾಲೊನಿಯಲ್ಲಿ ನಾವು ಪಕ್ಕಪಕ್ಕದ ಮನೆಯವರು. ಅವರು ನೀರಾವರಿ ಕಚೇರಿಯಲ್ಲಿ ನಕಾಶೆ ಬರೆಯುವ ಕೆಲಸದಲ್ಲಿದ್ದು ನಿವೃತ್ತರಾಗಿದ್ದರು. ನಾನು ಕೊಪ್ಪಳದ ಕಾಲೇಜೊಂದರಲ್ಲಿ ವಾಣಿಜ್ಯ ಪಾಠ ಹೇಳುವವನು. ಅವರ ಮೂಲ ಊರು ಯಲಬುರ್ಗಾ ಕಡೆಯ ಮಂಗಳೂರು. ಊರಿನ ಹೆಸರು ಹೇಳಿದಾಗ ಹೊಸಬರು ಸಮುದ್ರ ಮೀನು ಅಂತ ಶುರು ಮಾಡಿದರೆ, ನಮ್ಮ ಮಂಗಳೂರಾಗ ಸಮುದ್ರ ಇನ್ನೂ ಬಂದಿಲ್ಲ, ದಾರ್ಯಾಗ ಐತಿ ಅನ್ನುತ್ತಿದ್ದರು. ನಾನು ಅವರನ್ನು ಅಣ್ಣಾರ ಎಂದು ಕರೆಯುತ್ತಿದ್ದೆ. ಅವರಿಗೆ ನಾನು ಮಾಸ್ತರ.

ಭಾನುವಾರ ಬಂತೆಂದರೆ ಅವರು ಗುಡ್ಡ ಹತ್ತಬೇಕು. ನಮ್ಮ ಕಡೆಯ ಗುಡ್ಡಗಳೆಂದರೆ ಮಣ್ಣಿನವಲ್ಲ. ಯಾರೋ ತಂದು ಸುರಿದು ಮರೆತುಹೋದಂತಿರುವ ಬಂಡೆಗಳ ರಾಶಿ. ಗಂಗಾವತಿಯ ಆಚೆಯವು, ಕೊಪ್ಪಳದ ಸುತ್ತಲಿನವು, ಕುಷ್ಟಗಿ ದಾರಿಯವು, ಒಂದನ್ನೂ ಅವರು ಬಿಟ್ಟಿರಲಿಲ್ಲ. ದೇವರು ಇರುವ ಗುಡ್ಡಕ್ಕೆ ಮಾತ್ರ ಬರುತ್ತಿರಲಿಲ್ಲ. ಅಲ್ಲಿ ಮೆಟ್ಟಿಲು ಇರುತ್ತವೆ ಎಂಬುದು ಅವರ ತಕರಾರು.

ಹತ್ತುವುದಕ್ಕಿಂತ ಹೆಚ್ಚಿನ ಸಂಭ್ರಮ ಹಿಂದಿನ ದಿನ ಚೀಲ ತುಂಬುವುದರಲ್ಲಿತ್ತು. ತುಂಬುವುದು ಅನ್ನುವುದಕ್ಕಿಂತ ತೆಗೆಯುವುದು. ಶೇಂಗಾವನ್ನು ಸಿಪ್ಪೆ ಬಿಡಿಸಿಯೇ ಒಯ್ಯುತ್ತಿದ್ದರು. ಬಾಳೆಹಣ್ಣು ಬೇಡ, ಅರ್ಧ ತೂಕ ಸಿಪ್ಪೆಯದೇ. ಟಾರ್ಚಿನ ಹಿಂದೆ ತೂಗುಹಾಕಲು ಇರುವ ಬಳೆಯನ್ನು ಗರಗಸದಿಂದ ಕೊಯ್ದು ತೆಗೆದಿದ್ದರು. ಟವೆಲ್ಲಿನ ಅಂಚಿನ ದಪ್ಪ ಹೊಲಿಗೆಯನ್ನು ಬಿಚ್ಚುತ್ತ ಕಟ್ಟೆಯ ಮೇಲೆ ಕೂತಿದ್ದನ್ನು ಕಂಡು ಅವರ ಹೆಂಡತಿ, ಇವರನ್ನ ಬಿಟ್ರ ಹಲ್ಲು ಕಿತ್ತಿಟ್ಟು ಗುಡ್ಡ ಹತ್ತ್ಯಾರು ಎಂದು ನನಗೆ ಕೇಳಿಸುವಂತೆ ಹೇಳಿದ್ದರು.

ನಮ್ಮ ಜೊತೆ ಮೂರನೆಯವರೊಬ್ಬರು ಇದ್ದರು: ಕುಷ್ಟಗಿಯಲ್ಲಿ ಔಷಧದ ಅಂಗಡಿ ಇಟ್ಟಿದ್ದ ಭಾಯ್. ಅಣ್ಣಾರೂ ಅವರೂ ಹರೆಯದಿಂದ ಗೆಳೆಯರು. ಭಾಯ್ ಸ್ವಭಾವ ಪೂರ್ತಿ ಉಲ್ಟಾ. ಅವರ ಚೀಲದಲ್ಲಿ ಔಷಧದ ಡಬ್ಬಿ, ಚಹಾದ ಫ್ಲಾಸ್ಕು, ಬಾವಿಗೆ ಬಿಡುವಂಥ ದಪ್ಪ ಹಗ್ಗದ ಸುರುಳಿ, ತೆಂಗಿನಕಾಯಿ ಒಡೆಯುವಂಥದೊಂದು ಮಚ್ಚು. ಅಣ್ಣಾರು ಆ ಮಚ್ಚು ನೋಡಿದಾಗಲೆಲ್ಲ, ಇವತ್ತ ಯಾರ ಕೊಲೆ ಐತಿ ಭಾಯ್ ಎಂದು ಕೇಳುತ್ತಿದ್ದರು. ಭಾಯ್ ಅಣ್ಣಾರ ಚಾಕುವನ್ನು ಎತ್ತಿ ಬಿಸಿಲಿಗೆ ಹಿಡಿದು, "ನಕಾಶಿ ಸಾಹೇಬ್ರ, ಇದು ಚಾಕು ಅಲ್ಲ, ಹಲ್ಲಾಗ ಸಿಕ್ಕಿದ್ದು ತೆಗಿಯಾಕ ಛಲೋ ಐತಿ" ಅನ್ನುತ್ತಿದ್ದರು.

ಆದರೂ ಆ ಹಗ್ಗ ನಮಗೆಲ್ಲ ಬೇಕಾಗುತ್ತಿತ್ತು. ಬಂಡೆಗಳ ನಡುವಿನ ಇಕ್ಕಟ್ಟಾದ ಸಂದಿಯಲ್ಲಿ ಇಳಿಯುವಾಗ ಮೊದಲು ಚೀಲಗಳನ್ನು ಹಗ್ಗಕ್ಕೆ ಕಟ್ಟಿ ಕೆಳಗಿಳಿಸುವುದು, ಆಮೇಲೆ ಬೆನ್ನ ಮೇಲೇನೂ ಇಲ್ಲದೆ ನಾವು ಜಾರಿಕೊಂಡು ಹೋಗುವುದು ನಮ್ಮ ಪದ್ಧತಿ. ಅದನ್ನು ಯಾರೂ ಪದ್ಧತಿ ಎಂದು ಕರೆದಿರಲಿಲ್ಲ. ಹಗ್ಗ ಇತ್ತು, ಕಟ್ಟುತ್ತಿದ್ದೆವು.

ಚಾಕುವಿನ ವಿಷಯದಲ್ಲಿ ಅಣ್ಣಾರು ಪಟ್ಟ ಪಾಡು ಒಂದು ಮದುವೆಗೆ ಹೆಣ್ಣು ನೋಡಿದಷ್ಟಿತ್ತು. ಮೊದಲಿನದು ಗಂಗಾವತಿಯ ಕಮ್ಮಾರರು ಮಾಡಿಕೊಟ್ಟದ್ದು, ಭತ್ತದ ಕುಡುಗೋಲಿನ ಉಕ್ಕಿನದು. ಹರಿತವೇನೋ ಭಾಳ, ಆದರೆ ಸೌತೆಕಾಯಿ ಕೊಯ್ದು ಒರೆಸದೆ ಇಟ್ಟರೆ ಮರುವಾರಕ್ಕೆ ತುಕ್ಕು. ಎರಡನೆಯದು ಸಂತೆಯ ಹಣ್ಣು ಕೊಯ್ಯುವ ಚಾಕು. ಹೂವಿನಷ್ಟು ಹಗುರ, ಒಣಗಿದ ಕಾರೆಗಂಟಿಯ ಮುಳ್ಳುಕೊಂಬೆ ಕೊಯ್ಯಲು ಹೋದಾಗ ಅಲಗು ಬಾಗಿ ನಿಂತಿತು. ಅವರ ಅಳಿಯ ತಂದುಕೊಟ್ಟದ್ದರಲ್ಲಿ ಕತ್ತರಿ, ಇಕ್ಕಳ, ಬಾಟ್ಲಿ ತೆಗೆಯುವುದು, ಮೀನಿನ ಹುರುಪೆ ಕೆರೆಯುವುದು ಎಲ್ಲ ಮಡಚಿ ಕೂತಿದ್ದವು. ಅದನ್ನು ಒಂದೊಂದಾಗಿ ಬಿಚ್ಚಿ ನೋಡಿ, "ಇದು ಚಾಕು ಅಲ್ಲ ಮಾಸ್ತರ, ಸಂತಿ" ಎಂದು ಹಿಂದಿರುಗಿಸಿದರು. ಇನ್ನೊಂದು ಮಡಚುವ ಚಾಕು ಕೊಯ್ಯುತ್ತಿರುವಾಗಲೇ ಮಡಚಿಕೊಂಡು ಅವರ ತೋರುಬೆರಳನ್ನು ಕಚ್ಚಿತು. ಭಾಯ್ ಬೆರಳಿಗೆ ಪಟ್ಟಿ ಕಟ್ಟುತ್ತ, ತನ್ನ ಭಾರದ ಡಬ್ಬಿಯನ್ನು ಅವರ ಮುಖದ ಹತ್ತಿರವೇ ತೆರೆದಿಟ್ಟುಕೊಂಡಿದ್ದರು.

ಇಷ್ಟೆಲ್ಲ ಆದ ಮೇಲೆ ಅವರಿಗೊಂದು ತಿಳಿವಳಿಕೆ ಬಂದಿತ್ತು. ಯಾರು ಚಾಕು ತೋರಿಸಿದರೂ, "ಇದರಿಂದ ಏನು ಕೊಯ್ಯೂದೈತಿ, ಅದನ್ನ ಮೊದಲ ಹೇಳ್ರಿ" ಎಂದು ಕೇಳುತ್ತಿದ್ದರು. ಗುಡ್ಡದ ಮೇಲೆ ಏನು ಕೊಯ್ಯುತ್ತೇವೆ? ಉಳ್ಳಾಗಡ್ಡಿ, ಸೌತೆಕಾಯಿ, ಪಟ್ಟಿ ಬಟ್ಟೆ, ದಾರ, ಕಾಲಿಗೆ ಹೊಕ್ಕ ಮುಳ್ಳು. ಅದಕ್ಕೆ ಬೆರಳುದ್ದದ ಅಲಗು ಸಾಕು. ತೆರೆದಾಗ ಗಟ್ಟಿಯಾಗಿ ನಿಲ್ಲುವ ಕೊಂಡಿ ಇರಬೇಕು. ಒಂದೇ ಕೈಯಲ್ಲಿ ತೆರೆಯುವಂತಿರಬೇಕು, ಯಾಕೆಂದರೆ ಇನ್ನೊಂದು ಕೈ ಬಂಡೆ ಹಿಡಿದಿರುತ್ತದೆ. ತುಕ್ಕು ಹಿಡಿಯದ ಉಕ್ಕಾಗಿರಬೇಕು. ಅದು ಯಾವಾಗಲೂ ಅಂಗಿಯ ಜೇಬಿನಲ್ಲಿರಬೇಕು. ಚೀಲದೊಳಗಿನ ಚಾಕು ಮನೆಯಲ್ಲಿ ಬಿಟ್ಟುಬಂದ ಚಾಕುವಿನಷ್ಟೇ ಉಪಯೋಗ ಎಂದು ಹೇಳುತ್ತಿದ್ದರು. ಇದರಲ್ಲಿ ಯಾವುದು ತಪ್ಪು? ನಾನು ಎಷ್ಟೋ ಸಲ ಹುಡುಕಿದ್ದೇನೆ. ಒಂದೂ ತಪ್ಪಿಲ್ಲ.

ಕೊನೆಗೆ ಆನ್‌ಲೈನಿನಲ್ಲಿ ತರಿಸಿದ ಒಂದು ಚಾಕು ಪಸಂದ್ ಆಯಿತು. ಹಿಡಿಕೆಯ ಎರಡೂ ಬದಿಗೆ ಕರಿ ರಬ್ಬರಿನ ಪಟ್ಟಿ, ತುದಿಗೆ ಒಂದು ದಾರದ ಕುಣಿಕೆ. ಬಂದ ದಿನವೇ ಕಟ್ಟೆಯ ಮೇಲೆ ಕೂತು ತಿರುಪು ಬಿಚ್ಚಿ ರಬ್ಬರು ತೆಗೆದರು. ದಾರ ಕತ್ತರಿಸಿದರು. ಉಳಿದದ್ದು ಬರೀ ಉಕ್ಕಿನ ಅಸ್ಥಿಪಂಜರ, ನುಣ್ಣಗೆ. ಅದನ್ನು ಅಂಗೈ ಮೇಲಿಟ್ಟು ಕಣ್ಣು ಮುಚ್ಚಿದರು. ಬಹಳ ಹೊತ್ತಿನ ಮೇಲೆ, "ಇಲ್ಲ ಮಾಸ್ತರ, ಏನೂ ಕೇಳವಲ್ದು" ಅಂದರು. ಅಷ್ಟು ಸಂತೋಷವಾಗಿದ್ದ ಅವರ ಮುಖವನ್ನು ನಾನು ಮತ್ತೆ ನೋಡಲಿಲ್ಲ.

ಇನ್ನು ಜಗಳದ ಮಾತು.

ನಮ್ಮ ಕಡೆ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಉಪ್ಪು, ಮೆಣಸಿನಕಾಯಿಯ ಹಾಗೆಯೇ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದೆ ಎಂದು ಹೇಳುತ್ತಾರೆ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಹಿಂದೂ ಮನೆ ಮುಸಲ್ಮಾನರ ಮನೆ ಎಂಬ ಭೇದ ಇದಕ್ಕಿಲ್ಲ. ಒಂದು ಬೇಸಿಗೆಯ ಭಾನುವಾರ ಕೊಪ್ಪಳದ ಹತ್ತಿರದ ಗುಡ್ಡದ ಮೇಲೆ ಭಾಯ್ ಸೌತೆಕಾಯಿ ಕೊಯ್ಯಲು ಚಾಕು ಕೇಳಿದರು. ಅಣ್ಣಾರು ಕೈ ಚಾಚಿ ಕೊಟ್ಟರು. ಭಾಯ್ ಕೈ ಹಿಂದೆ ಸರಿಸಿ, ಕೆಳಗಿಡು ಮಾರಾಯ, ಜಗಳ ಆಗತಾವ ಅಂದರು. ಅಣ್ಣಾರಿಗೆ ನಗು. ಜೀವಮಾನವೆಲ್ಲ ಅಳತೆಪಟ್ಟಿ ಹಿಡಿದವನು ತಾನು, ಇಂಥವನ್ನು ನಂಬುವುದಿಲ್ಲ ಎನ್ನುತ್ತ ಭಾಯ್ ಮಣಿಕಟ್ಟು ಹಿಡಿದೆಳೆದು, ಚಾಕುವನ್ನು ಅಂಗೈಗಿಟ್ಟು ಬೆರಳುಗಳನ್ನು ತಾವೇ ಮಡಚಿದರು. ಮೂವರೂ ನಕ್ಕೆವು.

ಸಂಜೆ ಇಳಿಯುವಾಗ ಭಾಯ್ ಮೊಣಕಾಲು ಹಿಡಿದುಕೊಂಡಿತು. ಅವರ ಚೀಲವನ್ನು ಅಣ್ಣಾರೇ ಹೊತ್ತರು. ಹೊತ್ತ ಮೇಲೆ ಸುಮ್ಮನಿರಲಿಲ್ಲ. ಅರ್ಧ ದಾರಿಯಲ್ಲಿ ಚೀಲ ಬಿಚ್ಚಿ ಒಂದೊಂದೇ ವಸ್ತು ಹೊರಗಿಡುತ್ತ, ಇದು ಯಾಕ, ಇದು ಯಾಕ ಎಂದು ಕೇಳತೊಡಗಿದರು. ಹಗ್ಗದವರೆಗೂ ಭಾಯ್ ನಗುತ್ತಿದ್ದರು. ಆಮೇಲೆ ನಗಲಿಲ್ಲ.

"ನನ್ನ ವಜನ ನಿನಗ ಭಾರ ಆಗಿದ್ರ ಹೇಳು. ಬರೂದ ಬಿಡ್ತೀನಿ."

"ಬಿಡು."

ಅಷ್ಟೇ. ಅಣ್ಣಾರದು ಒಂದು ಮಾತು. ಭಾಯ್ ತಮ್ಮ ಚೀಲ ತಾವೇ ತುಂಬಿಕೊಂಡು, ಕುಂಟುತ್ತ ರಸ್ತೆಗಿಳಿದು ಕುಷ್ಟಗಿ ಬಸ್ಸು ಹತ್ತಿದರು. ಹಗ್ಗವೂ ಅವರೊಂದಿಗೆ ಹೋಯಿತು.

ಆಮೇಲೆ ಅಣ್ಣಾರು ಫೋನ್ ಮಾಡಲಿಲ್ಲ, ಭಾಯ್ ಕೂಡ ಮಾಡಲಿಲ್ಲ. ಮೊದಮೊದಲು ಅಣ್ಣಾರು, ಕೈಯಾಗ ಕೊಟ್ಟೆ ನೋಡ್ರಿ ಮಾಸ್ತರ ಎಂದು ತಮಾಷೆ ಮಾಡುತ್ತಿದ್ದರು. ತಿಂಗಳು ಕಳೆದಂತೆ ಅದೇ ಮಾತನ್ನು ನಗದೆ ಹೇಳತೊಡಗಿದರು. ಅವತ್ತಿನಿಂದ ನನಗೆ ಅವರು ಒಮ್ಮೆಯೂ ಚಾಕುವನ್ನು ಕೈಯಲ್ಲಿ ಕೊಡಲಿಲ್ಲ. ಬಂಡೆಯ ಮೇಲಿಟ್ಟು, ತಮ್ಮ ಕೈಯನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಂಡು, ತಗೋರಿ ಅನ್ನುತ್ತಿದ್ದರು. ಒಮ್ಮೆ ನಾನು, ಅಳತೆಪಟ್ಟಿಯವರು ಯಾವಾಗಿನಿಂದ ಇದನ್ನು ನಂಬಲು ಶುರು ಮಾಡಿದಿರಿ ಎಂದು ಕೆಣಕಿದೆ.

"ನಂಬೂದಿಲ್ಲ," ಅಂದರು. "ಆದ್ರ ಈಗ ನೀವೊಬ್ಬರ ಉಳದೀರಿ."

ಆ ಕೊನೆಯ ಭಾನುವಾರ ನಾವು ಹತ್ತಿದ್ದು ಗಂಗಾವತಿಯ ಆಚೆಯ ಗುಡ್ಡ. ಮೇಲೆ ನಿಂತರೆ ಶ್ರೀರಾಮನಗರದ ಕಡೆಯ ಗದ್ದೆಗಳು ಕಾಣುತ್ತವೆ, ಕಾಲುವೆ ಹೊಳೆಯುತ್ತದೆ. ಹಿಂದೆ ಹಲವು ಸಲ ಇಳಿದ ಸಂದಿಯೇ. ಎರಡು ಆಳೆತ್ತರದ ಇಳುಕಲು, ಕೆಳಗೆ ಮರಳು. ಹಗ್ಗವಿರಲಿಲ್ಲ. ಅಣ್ಣಾರು ಹೊಸ ಚೀಲವೊಂದನ್ನು ಕೊಂಡಿದ್ದರು, ಗಾಳಿಯಷ್ಟು ತೆಳುವಾದ ನೈಲಾನಿನದು. ಹೆಗಲಿನ ಎರಡು ಪಟ್ಟಿಗಳನ್ನು ಎದೆಯ ಮೇಲೆ ಕೂಡಿಸುವ ಅಡ್ಡಪಟ್ಟಿಯೂ ಇತ್ತು. ಏನೂ ತೂಕವೇ ಇಲ್ಲದ ಚೀಲವನ್ನು ಏನು ಇಳಿಸುವುದು ಎಂದು ಬೆನ್ನಿಗೇ ಹಾಕಿಕೊಂಡು ಜಾರಿದರು.

ಅರ್ಧದಲ್ಲಿ ಚೀಲ ಸಂದಿಯಲ್ಲಿ ಬಿಗಿಯಿತು. ಮೈ ಕೆಳಗೆ ಇಳಿಯಿತು, ಚೀಲ ಇಳಿಯಲಿಲ್ಲ. ಹೆಗಲ ಪಟ್ಟಿಗಳಲ್ಲಿ ಅವರು ತೂಗಿ ನಿಂತರು. ಕಾಲಿಗೆ ನೆಲ ಸಿಗುತ್ತಿರಲಿಲ್ಲ, ಒಂದು ತೋಳು ಬಂಡೆಗೆ ಒತ್ತಿಹೋಗಿತ್ತು. ಮೊದಲು ಅವರು ನಕ್ಕರು. ಸಿಕ್ಕೊಂಡೆ ನೋಡ್ರಿ ಅಂದರು. ನಾನೂ ನಕ್ಕೆ. ನಾನು ಮೇಲೆ ಬೋರಲು ಮಲಗಿ ಚೀಲ ಹಿಡಿದೆಳೆದೆ. ಬರಲಿಲ್ಲ. ಎಳೆದಷ್ಟೂ ಎದೆಯ ಅಡ್ಡಪಟ್ಟಿ ಮೇಲೆ ಸರಿಯಿತು, ಬಿಗಿದುಹೋದ ಅದರ ಕೊಂಡಿ ಬಿಚ್ಚಲೂ ಆಗಲಿಲ್ಲ. ಅವರ ಸವೆದ ಹಳೆಯ ಕ್ಯಾನ್ವಾಸ್ ಚೀಲವಾಗಿದ್ದರೆ ಹರಿಯುತ್ತಿತ್ತು, ಈ ನೈಲಾನು ತೆಳುವಾದರೂ ಹರಿಯಲಿಲ್ಲ.

ಅವರ ದನಿ ಬದಲಾಯಿತು. ಪಟ್ಟಿ ಕುತ್ತಿಗೆಗೆ ಬಂದಿದೆ, ಹೆಗಲ ಪಟ್ಟಿ ಕೊಯ್ಯಿರಿ ಎಂದರು. ಬಿಡುವಾಗಿದ್ದ ಕೈಯಿಂದ ಜೇಬಿನ ಚಾಕು ತೆಗೆದರು, ಒಂದೇ ಕೈಯಲ್ಲಿ ತೆರೆದರು. ಅವರು ಬಯಸಿದಂತೆಯೇ ಅದು ಕಟ್ ಎಂದು ತೆರೆದು ಗಟ್ಟಿಯಾಗಿ ನಿಂತಿತು. ತಾವೇ ಕೊಯ್ದುಕೊಳ್ಳಲು ನೋಡಿದರು. ಕೈ ಹೆಗಲಿಗೆ ತಿರುಗಲಿಲ್ಲ, ಅಲಗು ಗಂಟಲಿಗೆ ಬರುತ್ತಿತ್ತು. ಆಗ ಕೈಯನ್ನು ನನ್ನತ್ತ ಎತ್ತಿದರು. ನಾನು ಹೊಟ್ಟೆಯವರೆಗೂ ಬಂಡೆಯಂಚಿನಿಂದ ಕೆಳಗೆ ಜೋತುಬಿದ್ದು ಅಂಗೈ ತೆರೆದು ಚಾಚಿದ್ದೆ. ಅವರ ಕೈ ನನ್ನ ಕೈಯ ಪಕ್ಕಕ್ಕೆ ಬಂತು. ಬೆರಳು ಬೆರಳಿಗೆ ತಾಕುವಷ್ಟು ಹತ್ತಿರ.

ಅವರು ನನ್ನ ಅಂಗೈ ನೋಡಿದರು. ಚಾಕುವನ್ನು ಅದರ ಪಕ್ಕದ ಬಂಡೆಯ ಮೇಲಿಟ್ಟರು. ಕೈ ಹಿಂದಕ್ಕೆ ತೆಗೆದುಕೊಂಡರು.

"ತಗೋರಿ."

ಬಂಡೆ ಇಳಿಜಾರಾಗಿತ್ತು, ಎಷ್ಟೋ ಮಳೆಗೆ ನುಣುಪಾಗಿತ್ತು. ರಬ್ಬರಿಲ್ಲದ ಉಕ್ಕು ಒಂದು ಕ್ಷಣವೂ ನಿಲ್ಲಲಿಲ್ಲ. ನಾನು ಬೆರಳು ಮಡಚುವಷ್ಟರಲ್ಲಿ ಜಾರಿ, ಪಕ್ಕದ ಬಿರುಕಿನೊಳಕ್ಕೆ ಹೋಯಿತು. ಚಮಚ ಬಿದ್ದಂಥ ಸಣ್ಣ ಸದ್ದು, ಅದಕ್ಕೂ ಕೆಳಗೆ ಇನ್ನೊಂದು. ಇಬ್ಬರೂ ಕೇಳಿದೆವು. ಅವರು ಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲಿ ಭಯವಿತ್ತೋ ಸಂಕೋಚವಿತ್ತೋ ಈಗಲೂ ನನಗೆ ತಿಳಿಯದು. "ಹೋತು," ಅಂದರು. ಸುತ್ತುಹಾಕಿ ಕೆಳಗಿಂದ ಬರಲು ಹೇಳಿದರು. ಕಾಲು ಹಿಡಿದು ಎತ್ತಿದರೆ ಸಾಕು ಎಂದರು.

ಕೆಳಗಿನಿಂದ ಬರಬೇಕೆಂದರೆ ಗುಡ್ಡದ ಆಚೆ ಬದಿಗೆ ಇಳಿದು, ಮುಳ್ಳಿನ ನಡುವೆ ಅರ್ಧ ಗುಡ್ಡ ಸುತ್ತಬೇಕು. ಅವರನ್ನು ಅಲ್ಲಿ ಬಿಟ್ಟು ಓಡಿದೆ. ಮೊದಮೊದಲು ಕೂಗಿದರೆ ಓಗೊಡುತ್ತಿದ್ದರು. ದಾರಿಯಲ್ಲಿ ಕುರಿ ಮೇಯಿಸುತ್ತಿದ್ದ ಇಬ್ಬರು ಸಿಕ್ಕರು. ಏನು ಹೇಳಿದೆನೋ, ಅವರು ಕುರಿ ಬಿಟ್ಟು ನನ್ನ ಮುಂದೆ ಓಡಿದರು. ನಾವು ಸಂದಿಯ ಬುಡ ಮುಟ್ಟಿದಾಗ ಅಣ್ಣಾರ ಚಪ್ಪಲಿಯೊಂದು ಮರಳಿನಲ್ಲಿತ್ತು. ಕಾಲು ಅಲುಗಾಡುತ್ತಿರಲಿಲ್ಲ. ಕುರಿಗಾರರಲ್ಲಿ ಹಿರಿಯನು ನನ್ನ ಹೆಗಲ ಮೇಲೆ ಹತ್ತಿ, ಗಿಡದ ಟೊಂಗೆ ಕಡಿಯುವ ದೊಡ್ಡ ಕುಡುಗೋಲಿನಿಂದ ಪಟ್ಟಿಗೆ ಹಾಕಿದ. ಒಂದೇ ಏಟು. ಅವರು ನಮ್ಮ ಮೇಲೆ ಬಿದ್ದರು. ನಾನು ಮುಖಕ್ಕೆ ನೀರು ಹಾಕಿದೆ, ಎದೆ ಒತ್ತಿದೆ, ಹೆಸರು ಹಿಡಿದು ಕರೆದೆ. ಬಹಳ ಹೊತ್ತಾದ ಮೇಲೆ ಆ ಹಿರಿಯ ನನ್ನ ಕೈಗಳನ್ನು ಹಿಡಿದು ನಿಲ್ಲಿಸಿದ. "ಸಾಕ್ರಿ. ಹೋಗ್ಯಾರ," ಅಂದ.

ಆಮೇಲೆ ಎಲ್ಲರೂ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಪೊಲೀಸರು, ಬಂಧುಗಳು, ಅವರ ಅಳಿಯ. ಚಾಕು ಇರಲಿಲ್ಲೇನು? ಇತ್ತು ಎಂದು ಹೇಳಿದೆ. ಮತ್ತೆ? ಜಾರಿ ಬಿತ್ತು. ಅವರ ಹೆಂಡತಿ ಮಾತ್ರ ಇನ್ನೂ ಕೇಳಿದರು. ಅಷ್ಟು ದಿನ ಕೂತು ಆರಿಸಿದ್ದರಲ್ಲ, ಅದು ಹೆಂಗ ಬೀಳತೈತಿ ಮಾಸ್ತರ ಅಂದರು. ನಾನು ಎಲ್ಲ ಹೇಳಿದೆ. ಅವರು ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಅಣ್ಣಾರ ಹಳೆಯ ಕ್ಯಾನ್ವಾಸ್ ಚೀಲವನ್ನು ನೋಡುತ್ತ ಕೂತರು. ಈಗ ಅವರು ಮಗಳ ಊರಿನಲ್ಲಿದ್ದಾರೆ.

ಭಾಯ್ ಮಣ್ಣು ಮಾಡುವ ದಿನ ಬಂದಿದ್ದರು, ದೂರ ನಿಂತಿದ್ದರು. ಕೆಲವು ವಾರದ ನಂತರ ನಾನೇ ಕುಷ್ಟಗಿಗೆ ಹೋದೆ. ಅಂಗಡಿಯನ್ನು ಮಗನಿಗೆ ಬಿಟ್ಟು, ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಗೆ ಕರೆದೊಯ್ದರು. ಅವರಿಗೂ ಹೇಳಿದೆ. ಚಾಕು ಕೆಳಗಿಟ್ಟರು ಎಂಬಲ್ಲಿಗೆ ಬಂದಾಗ ಅವರು ಕೈಯಿಂದ ನನ್ನನ್ನು ತಡೆದರು.

"ಅದು ಅಡಿಗಿಮನಿ ಮಾತು ರೀ. ನಮ್ಮವ್ವ ಹೇಳತಿದ್ಲು, ನಾ ಹೇಳಿದೆ. ಗುಡ್ಡದ ಮ್ಯಾಲ ಪಾಲಿಸೂ ಮಾತೇನ್ರಿ ಅದು?"

ಚಹಾ ಆರುತ್ತಿತ್ತು. ತಮ್ಮ ಜಗಳ ಚಾಕುವಿನಿಂದ ಆದದ್ದೇ ಅಲ್ಲ ಎಂದರು. ಮೂವತ್ತು ವರ್ಷ ಅವನು ನನ್ನ ಚೀಲಕ್ಕೆ ನಕ್ಕಿದ್ದ, ಆ ದಿನ ಮೊಣಕಾಲು ನೋಯುತ್ತಿತ್ತು, ಸಿಟ್ಟು ಬಂತು, ಅಷ್ಟೇ ಎಂದರು. ಎರಡು ಭಾನುವಾರ ಹಗ್ಗ ಚೀಲಕ್ಕೆ ಹಾಕಿಕೊಂಡು ಕೂತಿದ್ದರಂತೆ.

"ಒಂದು ಫೋನ್ ಮಾಡಿದ್ರ ಬರ್ತಿದ್ದೆ. ಅವನೂ ಹಂಗ ಕೂತಿದ್ನೇನೋ."

ಹೌದು, ಕೂತಿದ್ದರು. ನಾನು ಅದನ್ನು ಹೇಳಲಿಲ್ಲ. ಹೇಳಿ ಪ್ರಯೋಜನವೇನು? ಭಾಯ್ ಈಗ ಗುಡ್ಡ ಹತ್ತುವುದಿಲ್ಲ. ನಾನೂ ಹತ್ತುವುದಿಲ್ಲ. ಆ ಬಿರುಕಿನೊಳಗೆ ಚಾಕು ಇನ್ನೂ ತೆರೆದೇ ಬಿದ್ದಿರಬೇಕು. ತುಕ್ಕು ಹಿಡಿಯದ ಉಕ್ಕು ನೋಡಿಯೇ ಅವರು ಆರಿಸಿದ್ದು.

ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ರೈಲು ಹಿಡಿಯುತ್ತೇನೆ. ಆದರೆ ಬಸ್ಸಿನಲ್ಲಿ ಚಿಲ್ಲರೆಗೆ ಕೈ ಚಾಚಿದಾಗಲೂ ನನ್ನ ಅಂಗೈ ತೆರೆದುಕೊಂಡ ರೀತಿ ಕಂಡು ಮುಷ್ಟಿ ಮುಚ್ಚಿಬಿಡುತ್ತೇನೆ. ಇನ್ನೂ ಸ್ವಲ್ಪ ಚಾಚಿದ್ದರೆ, ಅವರ ಮಣಿಕಟ್ಟನ್ನೇ ಹಿಡಿದಿದ್ದರೆ, ಅವರು ನೋಡುವ ಮೊದಲೇ ಕಿತ್ತುಕೊಂಡಿದ್ದರೆ. ದಿನಕ್ಕೊಂದು ಹೊಸದು ಹೊಳೆಯುತ್ತದೆ. ಎಲ್ಲದರ ಕೊನೆಗೂ ಅದೇ ಸಣ್ಣ ಸದ್ದು.

ಮೊನ್ನೆ ಅಡುಗೆಮನೆಯಲ್ಲಿ ಹೆಂಡತಿ ಉಳ್ಳಾಗಡ್ಡಿ ಹೆಚ್ಚಲು ಕೂತವಳು ಚಾಕು ಕೇಳಿದಳು. ನಾನು ಹಿಡಿಕೆಯನ್ನು ಅವಳ ಕಡೆಗೆ ಮಾಡಿ ಕೈ ಚಾಚಿದೆ. ಅವಳು ಕೈ ಒಡ್ಡಲಿಲ್ಲ. ಎಲ್ಲ ತಿಳಿದವಳೇ. ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ.

"ತಗೋ," ಅಂದೆ.

ಅವಳ ಕಣ್ಣಲ್ಲಿ ನೀರಿತ್ತು. ಉಳ್ಳಾಗಡ್ಡಿ ಇನ್ನೂ ಹೆಚ್ಚಿರಲಿಲ್ಲ.

"ಬ್ಯಾಡ್ರಿ," ಅಂದಳು. "ಕೆಳಗಿಡ್ರಿ."

ಇಟ್ಟೆ. ನೆಲ ಸಮವಾಗಿತ್ತು. ಚಾಕು ಇಟ್ಟಲ್ಲೇ ಇತ್ತು.